ಹೆಸರು ಹೊತ್ತುಕೊಂಡು ಹೋದವರು

ನಮ್ಮ ಕಡೆಯ ಕೆಲವು ಮನೆತನಗಳಲ್ಲಿ ಮದುವೆಯ ದಿನ ಹುಡುಗಿಯ ಹೆಸರನ್ನೇ ಬದಲಾಯಿಸುವ ಪದ್ಧತಿಯಿತ್ತು. ಹರಿವಾಣದಲ್ಲಿ ಅಕ್ಕಿ ಹರಡಿ, ಮದುಮಗ ಉಂಗುರದ ತುದಿಯಿಂದ ಅದರಲ್ಲಿ ಹೊಸ ಹೆಸರು ಬರೆಯುತ್ತಿದ್ದ. ಅಲ್ಲಿಗೆ ಹದಿನೆಂಟಿಪ್ಪತ್ತು ವರ್ಷ ಕರೆಸಿಕೊಂಡ ಹೆಸರು ತವರಿನ ಬಾವಿಕಟ್ಟೆಯ ಹತ್ತಿರವೇ ಉಳಿದುಬಿಡುತ್ತಿತ್ತು. ನನ್ನ ಸೋದರತ್ತೆಯೊಬ್ಬರು ಎಂಬತ್ತು ದಾಟಿ ನೆನಪು ಮಸುಕಾದ ಮೇಲೆ ಗಂಡನ ಮನೆಯ ಹೆಸರಿಗೆ ಓಗೊಡುವುದನ್ನೇ ನಿಲ್ಲಿಸಿದರು. ಅರವತ್ತು ವರ್ಷ ಆ ಹೆಸರಿನಲ್ಲಿ ಸಂಸಾರ ಮಾಡಿದ್ದರು, ಆ ಹೆಸರಿನಲ್ಲಿ ಸೊಸೆಯರನ್ನು ಗದರಿದ್ದರು. ಆದರೆ ಕೊನೆಗೆ ತಿರುಗಿ ನೋಡಿದ್ದು ಮಾತ್ರ ಅವರಮ್ಮ ಕೂಗುತ್ತಿದ್ದ ಹೆಸರಿಗೆ. ಅಂದ ಮೇಲೆ ಹೆಸರು ಮೈಮೇಲಿನ ಸೀರೆಯಂತೆ ಬಿಚ್ಚಿ ಉಡುವಂಥದ್ದಲ್ಲ, ಚರ್ಮದ ಒಳಗೆಲ್ಲೋ ಇರುವಂಥದ್ದು ಎಂದು ಆಗ ಅನ್ನಿಸಿತ್ತು.

ಈಗ ಹೆಸರು ಕದಿಯುವವರ ಕಾಲ ಬಂದಿದೆ. ಪತ್ರಿಕೆಯಲ್ಲಿ ದಿನಕ್ಕೊಂದು ಸುದ್ದಿ. ಯಾರದೋ ಫೋಟೋ, ಯಾರದೋ ಹೆಸರು, ಯಾರದೋ ಆಧಾರ್ ಸಂಖ್ಯೆ ಹಿಡಿದು ಇನ್ಯಾರೋ ಸಾಲ ಎತ್ತಿದರು, ಸಿಮ್ ಕೊಂಡರು, ಹಣ ಬಿಡಿಸಿಕೊಂಡರು. ನಾವು ಓದಿ, "ಅಯ್ಯೋ, ಎಷ್ಟು ಹೋಯಿತಂತೆ?" ಎಂದು ಕೇಳುತ್ತೇವೆ. ಈ "ಎಷ್ಟು" ಎಂಬ ಪ್ರಶ್ನೆಯೇ ಸರಿಯಿಲ್ಲವೇನೋ ಎಂಬ ಅನುಮಾನ ನನಗೆ ಹುಟ್ಟಿದ್ದು ನಮ್ಮ ಬೀದಿಯ ಟೀಚರಮ್ಮನ ದೆಸೆಯಿಂದ.

ಅವರು ಮೂವತ್ತೈದು ವರ್ಷ ಸರಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವರು. ನಿವೃತ್ತರಾದ ಮೇಲೆ ಮೊಮ್ಮಗಳು ಫೇಸ್‌ಬುಕ್‌ನಲ್ಲಿ ಖಾತೆ ತೆರೆದುಕೊಟ್ಟಳು. ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಅಲ್ಲಿ ಬಂದು ನಮಸ್ಕಾರ ಹೇಳಿದರೆ ಅವರಿಗೆ ಅಂದಿನ ದಿನ ಹಬ್ಬ. ಒಂದು ಬೆಳಿಗ್ಗೆ ಯಾರೋ ಅದೇ ಹೆಸರು, ಅದೇ ಫೋಟೋ ಹಾಕಿ ಇನ್ನೊಂದು ಖಾತೆ ತೆರೆದರು. "ಆಸ್ಪತ್ರೆಯಲ್ಲಿದ್ದೇನೆ, ತುರ್ತಾಗಿ ಹಣ ಬೇಕು, ಈ ನಂಬರಿಗೆ ಹಾಕಿ, ನಾಡಿದ್ದು ವಾಪಸು ಕೊಡುತ್ತೇನೆ" ಎಂದು ಎಲ್ಲರಿಗೂ ಸಂದೇಶ ಹೋಯಿತು. ಹೆಚ್ಚಿನವರು ಫೋನು ಮಾಡಿ ವಿಚಾರಿಸಿದರು. ಒಬ್ಬ ಮಾತ್ರ, ಹುಬ್ಬಳ್ಳಿಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಹಳೆಯ ವಿದ್ಯಾರ್ಥಿ, ಒಂದು ಮಾತೂ ಕೇಳದೆ ಐದು ಸಾವಿರ ಕಳಿಸಿಬಿಟ್ಟ. ಎಸ್ಸೆಸ್ಸೆಲ್ಸಿಯಲ್ಲಿ ಅವನ ಪರೀಕ್ಷೆಯ ಶುಲ್ಕ ಕಟ್ಟಿದ್ದು ಈ ಟೀಚರು.

ವಿಷಯ ತಿಳಿದಾಗ ಟೀಚರಮ್ಮ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮನೆಯವರು, "ನಿಮ್ಮದೇನೂ ಹೋಗಿಲ್ಲವಲ್ಲ" ಎಂದು ಸಮಾಧಾನ ಹೇಳಿದರು. ಹೌದು, ಪಾಸ್‌ಬುಕ್ಕಿನಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಿರಲಿಲ್ಲ. ಆದರೆ ನನ್ನೆದುರು ಕೂತು ಅವರು ಹೇಳಿದ ಮಾತು ಬೇರೆ: "ನಾನು ಆ ಹುಡುಗನಿಗೆ ಮಾಡಿದ್ದನ್ನು ಎಂದೂ ಲೆಕ್ಕ ಇಟ್ಟವಳಲ್ಲ. ಈಗ ಯಾರೋ ಬಂದು ಅದನ್ನು ನಗದು ಮಾಡಿಕೊಂಡು ಹೋದರು."

ಯೋಚಿಸಿ ನೋಡಿ, ಇದಕ್ಕಿಂತ ಸರಿಯಾಗಿ ಇದನ್ನು ಹೇಳುವುದು ಸಾಧ್ಯವೇ? ಕಳ್ಳನಿಗೆ ಬೇಕಾಗಿದ್ದುದು ಅವರ ಹಣವಲ್ಲ, ಅವರ ಹೆಸರಿನ ಮೇಲೆ ಊರವರಿಗಿದ್ದ ನಂಬಿಕೆ. ಬರೀ ಹೆಸರು ಕದ್ದರೆ ಏನೂ ಗಿಟ್ಟುವುದಿಲ್ಲ. ಕೆಟ್ಟ ಹೆಸರಿನವರ ಹೆಸರನ್ನು ಯಾರೂ ಕದಿಯುವುದಿಲ್ಲ. ಯಾರ ಮಾತಿಗೆ ಜನ ಹಿಂದೆಮುಂದೆ ನೋಡದೆ ಕೈ ಎತ್ತುತ್ತಾರೋ ಅಂಥವರದೇ ಬೇಕು. ಒಬ್ಬ ಹೆಂಗಸು ಮೂವತ್ತೈದು ವರ್ಷ ಹನಿಹನಿಯಾಗಿ ಕೂಡಿಟ್ಟದ್ದನ್ನು ಮೂರು ನಿಮಿಷದಲ್ಲಿ ಖರ್ಚು ಮಾಡಿದ ಹಾಗೆ.

ಇದರಿಂದ ಇನ್ನೊಂದು ಧರ್ಮಸಂಕಟವೂ ಹುಟ್ಟಿತು. ಆ ಐದು ಸಾವಿರವನ್ನು ತಾನು ಹಿಂತಿರುಗಿಸಬೇಕು ಎಂದು ಟೀಚರಮ್ಮ ಹಟ ಹಿಡಿದರು. ಮಗ ಒಪ್ಪಲಿಲ್ಲ. "ನೀನು ಪಡೆಯದ ಹಣ ನೀನು ಯಾಕೆ ಕೊಡಬೇಕು?" ಅವನು ಹೇಳಿದ್ದು ಕಾನೂನಿನ ಪ್ರಕಾರ ಸರಿ. ಆದರೆ ಅವರ ವಾದ ನೋಡಿ: "ಅವನು ಕೊಟ್ಟದ್ದು ಕಳ್ಳನಿಗಲ್ಲ, ನನಗೆ. ನನ್ನ ಮುಖ ನೋಡಿ ಕೊಟ್ಟದ್ದು." ಕೊನೆಗೆ ಹುಬ್ಬಳ್ಳಿಗೆ ಫೋನು ಹೋಯಿತು. ಆ ಹುಡುಗ (ಹುಡುಗನೇನು, ಐವತ್ತು ಸಮೀಪಿಸಿದವನು) ಹಣ ತೆಗೆದುಕೊಳ್ಳಲು ಒಪ್ಪಲೇ ಇಲ್ಲ. "ನಾನು ನಿಮಗೆ ಕೊಟ್ಟೆ ಟೀಚರ್, ಅದು ನಿಮಗೆ ಮುಟ್ಟಿತು ಅಂದುಕೊಳ್ಳಿ" ಎಂದನಂತೆ. ಇಬ್ಬರ ನಡುವೆ ಇಷ್ಟು ಸಾಚಾ ಮಾತು ನಡೆಯುವುದಕ್ಕೆ ಒಬ್ಬ ಕಳ್ಳ ಕಾರಣನಾಗಬೇಕಾಯಿತಲ್ಲ ಎಂದು ನನಗೆ ನಗುವೂ ಬಂತು. ನನ್ನನ್ನು ಕೇಳಿದರೆ ಟೀಚರಮ್ಮನ ಪಕ್ಷವೇ ಸರಿ. ಹೆಸರು ನಮ್ಮದೆಂದು ಹೇಳಿಕೊಳ್ಳುವುದಾದರೆ, ಅದರ ಮೇಲೆ ಬಂದ ಋಣವನ್ನು ನಮ್ಮದಲ್ಲ ಎಂದು ತಳ್ಳುವುದು ಅಷ್ಟು ಸುಲಭವಲ್ಲ.

ಕಾನೂನು ತನ್ನ ಮಟ್ಟಿಗೆ ಹೇಳಬೇಕಾದ್ದನ್ನು ಹೇಳಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ತಿದ್ದುಪಡಿ ತಂದು 66 ಸಿ ಎಂಬ ಕಲಮು ಸೇರಿಸಿದರು. ಇನ್ನೊಬ್ಬರ ಪಾಸ್‌ವರ್ಡು, ಸಹಿ, ಗುರುತನ್ನು ಮೋಸದಿಂದ ಬಳಸಿದರೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ. 66 ಡಿ ಎಂಬುದು ಕಂಪ್ಯೂಟರಿನ ಮೂಲಕ ಇನ್ನೊಬ್ಬರಂತೆ ನಟಿಸಿ ವಂಚಿಸುವವರಿಗೆ. ಹಣ ಹೋದ ತಕ್ಷಣ 1930ಕ್ಕೆ ಫೋನು ಮಾಡಿದರೆ ಅದು ಕೈದಾಟುವ ಮುನ್ನ ತಡೆಯುವ ಏರ್ಪಾಡೂ ಇದೆ, ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು. ಇವನ್ನು ತಿಳಿದಿರಬೇಕು. ಆದರೆ ಕಾನೂನಿನ ತಕ್ಕಡಿಯಲ್ಲಿ ಟೀಚರಮ್ಮನ ಮೂವತ್ತೈದು ವರ್ಷವನ್ನು ತೂಗುವ ಬಟ್ಟು ಇಲ್ಲ.

ಹೆಸರಿನ ಕಳವಿನಲ್ಲಿ ಹೆಂಗಸರ ಪಾಲು ಬೇರೆಯೇ ಇದೆ. ಗಂಡಸಿನ ಹೆಸರು ಕದ್ದರೆ ಅವನು ಮೋಸಹೋದವನು. ಹುಡುಗಿಯ ಫೋಟೋ ಕದ್ದು ಯಾರೋ ಕೊಳಕು ಖಾತೆ ತೆರೆದರೆ ಅವಳೇ ತಪ್ಪಿತಸ್ಥೆ. "ನೀನು ಫೋಟೋ ಯಾಕೆ ಹಾಕಿದೆ?" ಎಂಬ ಪ್ರಶ್ನೆ ಮೊದಲು ಬರುವುದು ಕಳ್ಳನಿಗಲ್ಲ, ಅವಳಿಗೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಇಂಥದ್ದು ಆದಾಗ ಅಪ್ಪ ಮಗಳ ಮೊಬೈಲು ಕಸಿದುಕೊಂಡ, ಅಣ್ಣ ಮಾತು ಬಿಟ್ಟ, ಬಿ.ಕಾಂ. ಕೊನೆಯ ವರ್ಷದಲ್ಲಿದ್ದವಳನ್ನು ಕಾಲೇಜಿನಿಂದ ಬಿಡಿಸುವ ಮಾತೂ ಬಂತು. ಆ ಫೋಟೋ ಅವಳು ಹಾಕಿದ್ದೇ ಅಲ್ಲ. ಚಿಕ್ಕಪ್ಪನ ಮಗಳ ಮದುವೆಯಲ್ಲಿ ಯಾರೋ ನೆಂಟರು ತೆಗೆದು ಎಲ್ಲರಿಗೂ ಹಂಚಿದ್ದು. ಅವಳಮ್ಮ ಮಾತ್ರ ಗಟ್ಟಿಯಾಗಿ ನಿಂತಳು. ಮಗಳನ್ನು ಕರೆದುಕೊಂಡು ತಾನೇ ಪೊಲೀಸ್ ಠಾಣೆಗೆ ಹೋಗಿ ದೂರು ಬರೆದುಕೊಟ್ಟಳು. ಏಳನೇ ಇಯತ್ತೆ ಓದಿದವಳು.

ಅಜ್ಜಿ ಹೇಳುತ್ತಿದ್ದ ಅಹಲ್ಯೆಯ ಕಥೆ ಇಂಥ ಹೊತ್ತಿನಲ್ಲಿ ನೆನಪಾಗದೆ ಇರುವುದಿಲ್ಲ. ಇಂದ್ರ ಹೊತ್ತಲ್ಲದ ಹೊತ್ತಿನಲ್ಲಿ ಕೋಳಿ ಕೂಗಿಸಿ, ಗೌತಮನನ್ನು ನದಿಗೆ ಕಳಿಸಿ, ಗೌತಮನದೇ ರೂಪ ತೊಟ್ಟು ಬಂದ. ವಾಲ್ಮೀಕಿಯಲ್ಲಿ ಕಥೆ ಸ್ವಲ್ಪ ಬೇರೆ ಇದೆ, ಅಲ್ಲಿ ಅವಳಿಗೆ ಬಂದವನು ಯಾರೆಂದು ತಿಳಿದಿತ್ತು, ಅವಳು ಕಲ್ಲೂ ಆಗುವುದಿಲ್ಲ. ಆದರೆ ನಮ್ಮ ಅಜ್ಜಿಯಂದಿರ ಬಾಯಲ್ಲಿ ಉಳಿದದ್ದು ಮೋಸಹೋದ ಅಹಲ್ಯೆ, ಕಲ್ಲಾದ ಅಹಲ್ಯೆ. ರೂಪ ಕದ್ದವನು ಇಂದ್ರ. ರೂಪ ಕಳೆದುಕೊಂಡವನು ಗೌತಮ. ಕಲ್ಲಾದವಳು ಇವೆರಡೂ ಅಲ್ಲದ ಮೂರನೆಯವಳು! ಇಂದ್ರನಿಗೂ ಶಾಪವಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಮೈಯೆಲ್ಲ ಕಣ್ಣು ಮಾಡಿಕೊಂಡು ಅವನು ಮತ್ತೆ ಸ್ವರ್ಗದ ಪೀಠವನ್ನೇ ಏರಿದ. ಚಿಕ್ಕವಳಿದ್ದಾಗ ನಾನು, "ಗೌತಮ ಋಷಿಗೆ ಅಷ್ಟೊಂದು ಜ್ಞಾನವಿದ್ದರೆ ಕೋಳಿಯ ಕೂಗು ಸುಳ್ಳೆಂದು ಯಾಕೆ ಗೊತ್ತಾಗಲಿಲ್ಲ?" ಎಂದು ಕೇಳಿದ್ದೆ. ಅಜ್ಜಿ ಬತ್ತಿ ಹೊಸೆಯುತ್ತ, "ಅದನ್ನು ಕೇಳಬಾರದು" ಎಂದಿದ್ದಳು. ಈಗಲೂ ಅದನ್ನು ಯಾರೂ ಕೇಳುವುದಿಲ್ಲ. ಮನೆಯ ಗಂಡಸರು ತಮ್ಮ ಕೋಪವನ್ನು ಕೈಗೆ ಸಿಗದ ಕಳ್ಳನ ಮೇಲೆ ತೀರಿಸಲಾರದೆ, ಕೈಗೆ ಸಿಗುವ ಹುಡುಗಿಯ ಮೇಲೆ ತೀರಿಸುತ್ತಾರೆ. ಕಳ್ಳನಿಗಿಂತ ನನಗೆ ಇವರ ಮೇಲೆಯೇ ಸಿಟ್ಟು ಹೆಚ್ಚು. ಕಳ್ಳನಿಗೆ ಅವಳು ಯಾರೆಂದೇ ಗೊತ್ತಿರಲಿಲ್ಲ. ಇವರಿಗೆ ಗೊತ್ತಿತ್ತು.

ಇನ್ನು ಹೆಬ್ಬೆಟ್ಟಿನ ಮಾತು. ಓದು ಬಾರದ ಹೆಂಗಸರನ್ನು ಹಿಂದೆ ಹೆಬ್ಬೆಟ್ಟಿನವರು ಎಂದು ಹಗುರವಾಗಿ ಆಡಿಕೊಳ್ಳುತ್ತಿದ್ದರು. ಸಹಿ ಕಲಿತವರು ಮೇಲು, ಹೆಬ್ಬೆಟ್ಟು ಒತ್ತುವವರು ಕೀಳು. ಕಾಲಚಕ್ರ ತಿರುಗಿ ಈಗ ಪದವಿ ಪಡೆದವರೂ ಹೆಬ್ಬೆಟ್ಟು ಒತ್ತುವಂತಾಗಿದೆ. ಆಧಾರ್ ಜೋಡಿಸಿದ ಬ್ಯಾಂಕು ಖಾತೆಯಿಂದ, ಹಳ್ಳಿಯ ಅಂಗಡಿಯ ಪುಟ್ಟ ಯಂತ್ರದ ಮೇಲೆ ಬೆರಳಿಟ್ಟರೆ ಹಣ ಬರುತ್ತದೆ. ಚೀಟಿ ಬೇಡ, ಓಟಿಪಿ ಬೇಡ. ಬ್ಯಾಂಕಿಗೆ ಬಸ್ಸು ಹತ್ತಿ ಹೋಗಲಾರದ ಮುದುಕಿಯರಿಗೆ ಇದರಿಂದ ಎಷ್ಟು ಉಪಕಾರವಾಗಿದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಕಳ್ಳರು ಅದಕ್ಕೂ ದಾರಿ ಹುಡುಕಿದರು. ನೋಂದಣಿಯಾದ ಆಸ್ತಿಪತ್ರಗಳಲ್ಲಿ ಮಾರಿದವರ, ಕೊಂಡವರ ಬೆರಳಚ್ಚು ಇರುತ್ತದೆ, ಜೊತೆಗೆ ಆಧಾರ್ ಸಂಖ್ಯೆಯೂ ಇರುತ್ತಿತ್ತು. ಅದರ ಪ್ರತಿಯನ್ನು ಸಂಪಾದಿಸಿ, ಬೆರಳಿನ ಗೆರೆಗಳನ್ನು ರಬ್ಬರಿನಂಥ ವಸ್ತುವಿನಲ್ಲಿ ಅಚ್ಚು ತೆಗೆದು, ಆ ಸುಳ್ಳು ಬೆರಳನ್ನು ಯಂತ್ರದ ಮೇಲೆ ಒತ್ತಿದರು. ಯಂತ್ರ ನಮಸ್ಕಾರ ಮಾಡಿ ಹಣ ಕೊಟ್ಟಿತು. 2023ರಲ್ಲಿ ಬೆಂಗಳೂರು, ಮಂಗಳೂರು ಕಡೆಯಿಂದ ಇಂಥ ದೂರುಗಳು ಸಾಲಾಗಿ ಬಂದವು. ಸೈಟು ಕೊಂಡ ಸಂಭ್ರಮದಲ್ಲಿ ಮನೆಗೆ ಪೇಡೆ ತಂದವರ ಖಾತೆಯಿಂದ ಹತ್ತು ಸಾವಿರ ಹೋಗಿರುತ್ತಿತ್ತು. ಅದಾದ ಮೇಲೆ ಆಧಾರ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕಿಕೊಳ್ಳಬಹುದು ಎಂಬ ಸಂಗತಿ ಎಷ್ಟೋ ಜನರಿಗೆ ತಿಳಿಯಿತು. ಬೀಗ ಮೊದಲೇ ಇತ್ತು, ಇದೆ ಎಂದು ಹೇಳಿದವರಿರಲಿಲ್ಲ.

ಇದರ ಇನ್ನೊಂದು ಮುಖ ನೋಡಿ. ಕರಾವಳಿಯಲ್ಲಿ ಬೀಡಿ ಕಟ್ಟುವ ಹೆಂಗಸರಿದ್ದಾರೆ, ಊರೂರಲ್ಲಿ ಪಾತ್ರೆ ತಿಕ್ಕುವವರಿದ್ದಾರೆ, ಗದ್ದೆಯಲ್ಲಿ ನಾಟಿ ಮಾಡುವವರಿದ್ದಾರೆ. ಬೂದಿ, ಸೋಪಿನ ಪುಡಿ, ಎಲೆ, ಕೆಸರು ಇವುಗಳ ನಡುವೆ ಬೆರಳಿನ ಗೆರೆ ಸವೆದು ನುಣುಪಾಗಿಬಿಡುತ್ತದೆ. ನ್ಯಾಯಬೆಲೆ ಅಂಗಡಿಯ ಯಂತ್ರ ಇವರ ಬೆರಳನ್ನು ಒಪ್ಪುವುದಿಲ್ಲ. ಸೆರಗಿಗೆ ಒರೆಸಿ ಮತ್ತೊಮ್ಮೆ, ಎಣ್ಣೆ ಸವರಿ ಇನ್ನೊಮ್ಮೆ, ಈ ಬೆರಳು ಬಿಟ್ಟು ಆ ಬೆರಳು. "ಮ್ಯಾಚ್ ಆಗ್ತಿಲ್ಲ, ನಾಳೆ ಬನ್ನಿ." ಕಳ್ಳನ ರಬ್ಬರು ಬೆರಳು ಒಂದೇ ಸಲಕ್ಕೆ ಸೈ. ನಿಜವಾದವಳ ನಿಜವಾದ ಬೆರಳು ಸುಳ್ಳು.

ಮಹಾಭಾರತದ ವನಪರ್ವದಲ್ಲಿ ಬರುವ ದಮಯಂತಿಯ ಸ್ವಯಂವರ ನಿಮಗೆ ಗೊತ್ತೇ ಇದೆ. ಅವಳು ನಳನನ್ನು ಮೆಚ್ಚಿದ್ದಾಳೆಂದು ತಿಳಿದು ಇಂದ್ರ, ಅಗ್ನಿ, ವರುಣ, ಯಮ ನಾಲ್ವರೂ ನಳನ ರೂಪದಲ್ಲಿ ಬಂದು ಕೂತರು. (ಇಲ್ಲೂ ಇಂದ್ರ! ಅವನಿಗೆ ಇದು ರೂಢಿ.) ಹಾರ ಹಿಡಿದು ಬಂದವಳ ಎದುರು ಐವರು ನಳರು. ಅವಳು ದೇವತೆಗಳಿಗೇ ಕೈಮುಗಿದು, ನಿಮ್ಮ ಗುರುತು ತೋರಿಸಿ ಎಂದು ಬೇಡಿದಾಗ ವ್ಯತ್ಯಾಸ ಕಂಡಿತು. ನಾಲ್ವರ ಕಣ್ಣು ಮಿಟುಕುತ್ತಿರಲಿಲ್ಲ, ಮೈ ಬೆವರಿರಲಿಲ್ಲ, ಮಾಲೆ ಬಾಡಿರಲಿಲ್ಲ, ಕಾಲು ನೆಲ ಮುಟ್ಟುತ್ತಿರಲಿಲ್ಲ. ಐದನೆಯವನ ಮಾಲೆ ಬಾಡಿತ್ತು, ಮೈಮೇಲೆ ಧೂಳು, ಬೆವರು, ಕಾಲಡಿಗೆ ನೆರಳು. ಅವಳು ಅವನಿಗೆ ಹಾರ ಹಾಕಿದಳು. ಕೊರತೆಯೇ ಗುರುತಾದ ಕಥೆ ಇದು. ಸವೆದದ್ದು, ಬಾಡಿದ್ದು, ಬೆವರಿದ್ದು ಯಾರೋ ಅವನೇ ನಿಜ. ನಮ್ಮ ಯಂತ್ರ ಇದಕ್ಕೆ ಸರಿಯಾಗಿ ವಿರುದ್ಧ. ಸವೆಯದ ಬೆರಳನ್ನು ಮಾತ್ರ ಅದು ಒಪ್ಪುತ್ತದೆ. ಸವೆಯದೆ ಇರುವ ಬೆರಳು ಯಾರದು? ಕೆಲಸ ಮಾಡದವರದು, ಇಲ್ಲವೆ ರಬ್ಬರಿನದು.

ಯಂತ್ರವನ್ನು ಬೈದು ಪ್ರಯೋಜನವಿಲ್ಲ, ಅದಕ್ಕೆ ಪ್ರೀತಿ ಕಲಿಸಿದವರಿಲ್ಲ. ಆದರೂ ನಮ್ಮ ಗುರುತು ನಮಗೆ ಸೇರಿದ್ದೋ ಸರಕಾರಕ್ಕೆ ಸೇರಿದ್ದೋ ಎಂಬ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಒಯ್ದವರು ನಮ್ಮವರೇ ಎಂಬುದು ನನಗೆ ಹೆಮ್ಮೆ. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿದ್ದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದರಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. ಅಜ್ಜಂದಿರು ದಿನಪತ್ರಿಕೆ ಓದಿ ನಿದ್ದೆ ಮಾಡುವ ವಯಸ್ಸಿನಲ್ಲಿ ಇವರು ಇಷ್ಟು ಮಾಡಿದರು.

ಇಷ್ಟಾಗಿ ಕದಿಯುವವರು ಯಾರು? ಮನಸ್ಸಿನಲ್ಲಿ ನಾವು ಚಿತ್ರಿಸಿಕೊಳ್ಳುವುದು ಒಬ್ಬ ಚಾಣಾಕ್ಷ ದುಷ್ಟನನ್ನು. ಜಾರ್ಖಂಡಿನ ಜಾಮ್‌ತಾಡಾ ಜಿಲ್ಲೆಯ ಹೆಸರು ನೀವು ಕೇಳಿರಬಹುದು. ಶಾಲೆ ಬಿಟ್ಟ ಹುಡುಗರು ಗದ್ದೆಯಂಚಿನ ಮರದ ಕೆಳಗೆ ಕೂತು, ಬ್ಯಾಂಕಿನ ಅಧಿಕಾರಿಯೆಂದು ಹೇಳಿಕೊಂಡು ದೇಶದ ಮೂಲೆಮೂಲೆಗೆ ಫೋನು ಮಾಡಿ ಕಾರ್ಡಿನ ಸಂಖ್ಯೆ ಕೇಳಿಸಿಕೊಂಡದ್ದು ಅಲ್ಲಿಯೇ. ಈ ದಂಧೆಗೆ ಹೆಸರಾದ ಕರ್ಮಾಟಾಂಡ್ ಎಂಬ ಊರಿನಲ್ಲಿ ಒಂದು ಕಾಲಕ್ಕೆ ವಾಸವಾಗಿದ್ದವರು ಯಾರು ಗೊತ್ತೇ? ಈಶ್ವರಚಂದ್ರ ವಿದ್ಯಾಸಾಗರರು. 1856ರ ವಿಧವಾ ಪುನರ್ವಿವಾಹ ಕಾಯ್ದೆಗಾಗಿ ಹೋರಾಡಿದ ಪುಣ್ಯಾತ್ಮರು, ಕಲಕತ್ತೆಯ ಜಗಳಗಳಿಂದ ಬೇಸತ್ತು ತಮ್ಮ ಕೊನೆಯ ವರ್ಷಗಳನ್ನು ಹೆಚ್ಚಾಗಿ ಅಲ್ಲಿನ ಸಂತಾಲರ ನಡುವೆ ಕಳೆದರು. ಹೆಣ್ಣುಮಕ್ಕಳಿಗೆ ಶಾಲೆ ತೆರೆದರು, ಬಡವರಿಗೆ ಹೋಮಿಯೋಪಥಿ ಔಷಧ ಕೊಟ್ಟರು. ಅಲ್ಲಿನ ರೈಲು ನಿಲ್ದಾಣಕ್ಕೆ ಈಗಲೂ ಅವರದೇ ಹೆಸರು. ಅದೇ ಮಣ್ಣಿನಿಂದ ಹೊರಟ ಫೋನುಗಳು ಎಷ್ಟು ವಿಧವೆಯರ ಪಿಂಚಣಿಯನ್ನು ನುಂಗಿದವೋ. ಬಡತನ ಕಾರಣ ಎನ್ನುತ್ತಾರೆ. ಬಡತನವಿತ್ತು, ಸುಳ್ಳಲ್ಲ. ಆದರೆ ಅದೇ ಬಡತನದಲ್ಲಿ ಕಲ್ಲಿದ್ದಲು ಹೊತ್ತವರು, ಇಟ್ಟಿಗೆ ಸುಟ್ಟವರು ಅಲ್ಲೇ ಪಕ್ಕದ ಮನೆಯಲ್ಲಿದ್ದರಲ್ಲ? ಫೋನಿನಲ್ಲಿ ಮುದುಕಿಯ ನಡುಗುವ ದನಿ ಕೇಳಿಯೂ ಮುಂದಿನ ಸಂಖ್ಯೆ ಹೇಳಿ ಎಂದವನನ್ನು ಬಡತನದ ಹೆಸರಿನಲ್ಲಿ ಬಿಡಿಸಲು ನನಗೆ ಮನಸ್ಸು ಬರುವುದಿಲ್ಲ.

ಹಾಗೆಂದು ತೀರ್ಮಾನಿಸಿ ಕೂತಿರುವಾಗಲೇ ಮ್ಯಾನ್ಮಾರಿನ ಸುದ್ದಿ ಬಂದು ಮನಸ್ಸನ್ನು ಕಲಕಿತು. ಥಾಯ್ಲೆಂಡಿನ ಗಡಿಯ ಮ್ಯಾವಡ್ಡಿ ಎಂಬಲ್ಲಿ ಎತ್ತರದ ಗೋಡೆ, ಮುಳ್ಳುತಂತಿಯ ಆವರಣಗಳಿವೆ. ಒಳ್ಳೆಯ ಸಂಬಳದ ಕಂಪ್ಯೂಟರ್ ಕೆಲಸವೆಂದು ನಂಬಿ ಹೋದ ಯುವಕ ಯುವತಿಯರ ಪಾಸ್‌ಪೋರ್ಟು ಕಿತ್ತುಕೊಂಡು, ಹೊಡೆದು ಬಡಿದು ಇದೇ ಕೆಲಸಕ್ಕೆ ಕೂರಿಸುತ್ತಾರೆ. ಯಾರದೋ ಚೆಂದದ ಹುಡುಗಿಯ ಫೋಟೋ ಹಾಕಿಕೊಂಡು, ಅವಳಾಗಿ ಒಂಟಿ ಗಂಡಸರ ಜೊತೆ ತಿಂಗಳುಗಟ್ಟಲೆ ಮಾತಾಡಿ, ನಂಬಿಸಿ, ಕೊನೆಗೆ ಹಣ ಕೀಳಬೇಕು. ದಿನಕ್ಕಿಷ್ಟು ಎಂದು ಲೆಕ್ಕ, ತಪ್ಪಿದರೆ ಶಿಕ್ಷೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಆಗಸ್ಟಿನಲ್ಲಿ ಕೊಟ್ಟ ಅಂದಾಜಿನಂತೆ ಮ್ಯಾನ್ಮಾರಿನಲ್ಲಿ 1,20,000 ಜನ, ಕಾಂಬೋಡಿಯಾದಲ್ಲಿ 1,00,000 ಜನ ಹೀಗೆ ಸಿಕ್ಕಿಬಿದ್ದಿರಬಹುದು. 2025ರ ಮಾರ್ಚಿನಲ್ಲಿ ನಮ್ಮ ವಾಯುಸೇನೆಯ ವಿಮಾನಗಳು ಎರಡು ದಿನಗಳಲ್ಲಿ ಐನೂರಕ್ಕೂ ಹೆಚ್ಚು ಭಾರತೀಯರನ್ನು ಅಲ್ಲಿಂದ ಕರೆತಂದವು. ಅವರ ಹೆಸರು, ಗುರುತಿನ ಪತ್ರ ಮೊದಲು ಕಳುವಾದವು, ಆಮೇಲೆ ಅವರ ಕೈಯಿಂದ ಇನ್ನೊಬ್ಬರದನ್ನು ಕದಿಸಿದರು. ವಿಮಾನ ಇಳಿದು ಬಂದ ಮಗನನ್ನು ತಾಯಿ ಏನೆಂದು ಬರಮಾಡಿಕೊಳ್ಳಬೇಕು? ಪಾರಾಗಿ ಬಂದ ಕಂದನೆಂದೋ, ಯಾರದೋ ಮನೆ ಮುರಿದವನೆಂದೋ? ನಾನಾದರೆ ಮೊದಲು ಅನ್ನ ಬಡಿಸುತ್ತಿದ್ದೆ. ಆಮೇಲೆ ಕೇಳದೆ ಬಿಡುತ್ತಿರಲಿಲ್ಲ.

ಈಚೆಗೆ ಹಬ್ಬಿರುವ "ಡಿಜಿಟಲ್ ಅರೆಸ್ಟ್" ಎಂಬ ಮೋಸದಲ್ಲಂತೂ, "ನಿಮ್ಮ ಆಧಾರ್ ಯಾರೋ ಕದ್ದು ಬಳಸಿದ್ದಾರೆ" ಎಂದು ಹೆದರಿಸುವವನೇ ಪೊಲೀಸರ ವೇಷ ಕದ್ದವನು. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ಕ್ಯಾಮೆರಾದ ಮುಂದೆ ಕೂತಿರಿ ಎಂದು ಯಾವ ಪೊಲೀಸರೂ ಹೇಳುವುದಿಲ್ಲ. ಫೋನಿಡಿ, ಅಷ್ಟೇ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಜಾಮ್‌ತಾಡಾವೂ ಅಲ್ಲ, ಮ್ಯಾವಡ್ಡಿಯೂ ಅಲ್ಲ. ನಮ್ಮ ಹತ್ತಿರದ ಬಳಗದ ಒಬ್ಬ ಹುಡುಗ. ಡಿಪ್ಲೊಮಾ ಓದುತ್ತಿದ್ದಾನೆ, ಸೌಮ್ಯ ಸ್ವಭಾವ, ಹಬ್ಬಕ್ಕೆ ಬಂದರೆ ಕಾಲು ಮುಟ್ಟಿ ನಮಸ್ಕರಿಸುತ್ತಾನೆ. ಯಾರೋ ಗೆಳೆಯನ ಗೆಳೆಯ, "ನಿನ್ನ ಹೆಸರಿನಲ್ಲಿ ಒಂದು ಖಾತೆ ತೆರೆದು ಕಾರ್ಡು ನನಗೆ ಕೊಡು, ಎರಡು ಸಾವಿರ ಕೊಡುತ್ತೇನೆ" ಎಂದ. ಇವನು ಕೊಟ್ಟ. ಕದ್ದ ಹಣ ಹರಿದುಹೋಗುವುದಕ್ಕೆ ಇಂಥ ಬಾಡಿಗೆ ಖಾತೆಗಳೇ ಕಾಲುವೆ. ಇವು ಇಲ್ಲದಿದ್ದರೆ ಮ್ಯಾವಡ್ಡಿಯ ಯಜಮಾನನೂ ಬರಿಗೈಯವನೇ. ಮೂರು ತಿಂಗಳಿಗೆ ಬೇರೆ ರಾಜ್ಯದ ಪೊಲೀಸರಿಂದ ನೋಟಿಸು ಬಂತು, ಖಾತೆ ಸ್ತಂಭನವಾಯಿತು. ಆ ಖಾತೆಯ ಮೂಲಕ ಯಾರೋ ನಿವೃತ್ತ ದಂಪತಿಗಳ ಉಳಿತಾಯ ಹಾದುಹೋಗಿತ್ತು. ಅವನ ಹೆಸರನ್ನು ಯಾರೂ ಕದಿಯಲಿಲ್ಲ. ಅವನೇ ಮಾರಿದ್ದ, ಒಂದು ಜೊತೆ ಶೂಸಿನ ಬೆಲೆಗೆ.

ಅವನಮ್ಮ ನನ್ನ ಹತ್ತಿರ ಬಂದು ಅತ್ತಳು. "ಅವನೇನು ಕದ್ದನೇ? ಅವನಿಗೇನು ಗೊತ್ತಿತ್ತು?" ಗೊತ್ತಿರಲಿಲ್ಲ, ನಿಜ. ಆದರೆ ಸುಮ್ಮನೆ ಯಾರಾದರೂ ಒಂದು ಹೆಸರಿಗೆ ಎರಡು ಸಾವಿರ ಕೊಡುತ್ತಾರೆಯೇ ಎಂದು ಅವನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡರೆ ಉತ್ತರ ಸಿಕ್ಕಿಬಿಡುತ್ತದೆ ಎಂದೇ ಕೇಳಿಕೊಳ್ಳಲಿಲ್ಲ. ಇದನ್ನು ನಾನು ಅವಳಿಗೆ ಹೇಳಿದೆ. ಮೆತ್ತಗೆ ಹೇಳಿದರೂ ಮಾತು ಮೆತ್ತಗಿರಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂಗೊರೆಸಿಕೊಂಡು, ನಾನು ನಿರೀಕ್ಷಿಸದ ಒಂದು ಪ್ರಶ್ನೆ ಕೇಳಿದಳು.

"ಹಾಗಾದರೆ ಆ ಎರಡು ಸಾವಿರ ಏನು ಮಾಡಲಿ?"

ಶೂಸನ್ನು ಅವಳು ಅಂಗಡಿಗೆ ಹಿಂತಿರುಗಿಸಲಾಗಿರಲಿಲ್ಲ, ತನ್ನ ಚೀಟಿಯ ದುಡ್ಡಿನಿಂದ ಎರಡು ಸಾವಿರ ತೆಗೆದಿಟ್ಟಿದ್ದಳು. ದೇವರ ಹುಂಡಿಗೆ ಹಾಕೋಣವೆಂದರೆ ದೇವರಿಗೆ ಕಳ್ಳಮಾಲು ಕೊಟ್ಟಂತೆ. ಅನಾಥಾಲಯಕ್ಕೆ ಕೊಟ್ಟರೆ ಪುಣ್ಯ ತನಗೆ ಬರುತ್ತದೆ, ಅದೂ ಸರಿಯಲ್ಲ. ಕಳೆದುಕೊಂಡವರಿಗೇ ಮುಟ್ಟಿಸಬೇಕೆಂದು ಅವಳ ಆಸೆ. ಠಾಣೆಯಲ್ಲಿ ವಿಚಾರಿಸಿದಳಂತೆ, "ಕೇಸು ಮುಗಿಯಲಿ ಅಮ್ಮ" ಎಂದರಂತೆ. ಮಗ ನೋಟಿಸಿನಲ್ಲಿದ್ದ ಊರಿನ ಹೆಸರು ಓದಿ ಹೇಳಿದ್ದಾನೆ. ಆ ಊರು ಎಲ್ಲಿದೆ, ಅಲ್ಲಿ ಯಾವ ಭಾಷೆ ಆಡುತ್ತಾರೆ ಎಂದು ನನ್ನನ್ನು ಕೇಳಿದಳು, ಹೇಳಿದೆ. ಆ ನಾಲ್ಕು ನೋಟು ಈಗಲೂ ಅವಳ ಅಡುಗೆಮನೆಯಲ್ಲಿ ಮೆಂತ್ಯದ ಡಬ್ಬಿಯ ಹಿಂದೆ, ಒಂದು ಲಕೋಟೆಯಲ್ಲಿವೆ. ಲಕೋಟೆಯ ಮೇಲೆ ಹೆಸರು ಬರೆಯುವ ಜಾಗ ಖಾಲಿ ಇದೆ.